ಮಾತ್ರೆ ಶುರುಮಾಡುವ ಮುನ್ನ: ಸೋದರಳಿಯನಿಗೆ ಒಂದು ಪತ್ರ

ಚಿರಂಜೀವಿ ನಿಖಿಲನಿಗೆ ನಿನ್ನ ಮಾವನ ಆಶೀರ್ವಾದಗಳು.

ನಿನ್ನ ಕೂದಲು ಉದುರುವ ಕಾಯಿಲೆಗೆ, ಅಂದರೆ ಅಲೊಪೇಸಿಯ ಏರಿಯೇಟಾಗೆ, ಚರ್ಮವೈದ್ಯರು ಬ್ಯಾರಿಸಿಟಿನಿಬ್ ಮಾತ್ರೆಯ ಪ್ರಸ್ತಾಪ ಮಾಡಿದರೆಂದೂ, ಯೋಚಿಸಿ ಹೇಳುತ್ತೇನೆಂದು ನೀನು ಎರಡು ವಾರ ಕಾಲಾವಕಾಶ ಕೇಳಿ ಬಂದಿರುವೆಯೆಂದೂ ನಿನ್ನ ಅಮ್ಮ ತಿಳಿಸಿದಳು. ಫೋನಿನಲ್ಲಿ ಐದು ನಿಮಿಷ ಆಡಿ ಮುಗಿಸುವ ವಿಷಯ ಇದಲ್ಲವಾದ್ದರಿಂದ ಬರೆಯಲು ಕುಳಿತಿದ್ದೇನೆ. ನಾನು ವೈದ್ಯನಲ್ಲ. ಆದರೆ ಈ ಕಾಯಿಲೆಯೊಂದಿಗೆ 35 ವರ್ಷ ಬಾಳಿದ್ದೇನೆ, ಅದೇ ಮಾತ್ರೆಯನ್ನು ನುಂಗಿದ್ದೇನೆ, ಅದರ ವಿಷಯದಲ್ಲಿ ಒಂದು ದೊಡ್ಡ ತಪ್ಪನ್ನೂ ಮಾಡಿದ್ದೇನೆ. ಆ ತಪ್ಪು ನಿನ್ನಿಂದ ಆಗಬಾರದೆಂಬುದೇ ಈ ಪತ್ರದ ಮುಖ್ಯ ಉದ್ದೇಶ.

ಮೊದಲು ನಿನ್ನ ಅಮ್ಮನ ವಿಷಯ. ತನ್ನ ತವರಿನ ರೋಗ ಮಗನಿಗೆ ಅಂಟಿತೆಂದು ಅವಳು ಒಳಗೊಳಗೇ ಬೇಯುತ್ತಿದ್ದಾಳೆ. ಅಲೊಪೇಸಿಯ ಏರಿಯೇಟಾ ಬರುವ ಪ್ರವೃತ್ತಿ ವಂಶದಲ್ಲಿ ಇರಬಹುದೆಂಬುದು ನಿಜ, ಆದರೆ ಅದು ಯಾರೂ ಯಾರಿಗೂ ಕೊಡುವ ವಸ್ತುವಲ್ಲ. ಮನೆಯಲ್ಲಿ ಯಾರಿಗೂ ಇಲ್ಲದವರಿಗೂ ಇದು ಬರುತ್ತದೆ. ಜನ ಇದನ್ನು 'ಹುಳ ತಿಂದಿದೆ' ಎನ್ನುತ್ತಾರೆ. ಹುಳವೂ ಇಲ್ಲ, ಸೋಂಕೂ ಅಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ. ನೀನು ಸ್ನಾನ ತಪ್ಪಿಸಿದ್ದಕ್ಕೋ ಎಣ್ಣೆ ಹಚ್ಚದಿದ್ದಕ್ಕೋ ರಾತ್ರಿ ನಿದ್ದೆಗೆಟ್ಟು ಓದಿದ್ದಕ್ಕೋ ಬಂದದ್ದಲ್ಲ. ಇದನ್ನು ಅಮ್ಮನ ಪಕ್ಕದಲ್ಲಿ ಕುಳಿತು ನೀನೇ ಒಮ್ಮೆ ಹೇಳು, ನಾನು ಹೇಳಿದರೆ ಅವಳು ಕೇಳುವುದಿಲ್ಲ.

ಕೂದಲಿನ ಬುಡ ಸಾಮಾನ್ಯವಾಗಿ ದೇಹದ ರಕ್ಷಣಾ ವ್ಯವಸ್ಥೆಯ ಕಣ್ಣಿಗೆ ಬೀಳದಂತೆ ಒಂದು ಮರೆಯಲ್ಲಿರುತ್ತದೆ. ಯಾವುದೋ ಕಾರಣಕ್ಕೆ ಆ ಮರೆ ಜಾರಿದಾಗ ಆ ವ್ಯವಸ್ಥೆಯ ಬಿಳಿ ರಕ್ತಕಣಗಳಾದ ಟಿ ಜೀವಕೋಶಗಳು ಬುಡವನ್ನು ಪರಕೀಯವೆಂದು ತಿಳಿದು ಸುತ್ತುವರಿಯುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡುವವರು ಇದನ್ನು ಜೇನುಹುಳುಗಳ ಮುತ್ತಿಗೆಗೆ ಹೋಲಿಸುತ್ತಾರೆ. ಕೂದಲು ಉದುರುತ್ತದೆ, ಆದರೆ ಬುಡ ಸಾಯುವುದಿಲ್ಲ. ನಮ್ಮ ಕಾಯಿಲೆಯಲ್ಲಿ ಆಸೆಗೆ ಜಾಗವಿರುವುದು ಇಲ್ಲಿಯೇ. ಮುತ್ತಿಗೆ ಹಾಕುವ ಜೀವಕೋಶಗಳಿಗೂ ಕೂದಲ ಬುಡಕ್ಕೂ ನಡುವೆ ಹೋಗಿಬರುವ ಸಂದೇಶಗಳು ಜಾನಸ್ ಕೈನೇಸ್, ಅಂದರೆ 'ಜಾಕ್' ಎಂಬ ಕಿಣ್ವಗಳ ಮೂಲಕ ಸಾಗುತ್ತವೆ. ನಿನ್ನ ಮಾತ್ರೆ ಆ ದಾರಿಗೆ ಅಡ್ಡ ನಿಲ್ಲುತ್ತದೆ. 2014ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಏಂಜೆಲಾ ಕ್ರಿಸ್ಟಿಯಾನೊ ಮತ್ತು ಸಂಗಡಿಗರು ಈ ಬಗೆಯ ಔಷಧದಿಂದ ರೋಗಿಗಳಲ್ಲಿ ಕೂದಲು ಮರಳಿದ್ದನ್ನು ಪ್ರಕಟಿಸಿದರು. ಆಕೆಗೂ ಇದೇ ಕಾಯಿಲೆ ಇತ್ತೆಂದು ಓದಿದ ದಿನ ನನಗೆ ಎಷ್ಟು ಧೈರ್ಯ ಬಂದಿತೆಂಬುದನ್ನು ನಿನಗೆ ಹೇಳಿ ತೀರದು. 2022ರ ಜೂನ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ತೀವ್ರ ಸ್ವರೂಪದ ಅಲೊಪೇಸಿಯ ಏರಿಯೇಟಾ ಇರುವ ವಯಸ್ಕರಿಗೆ ಬ್ಯಾರಿಸಿಟಿನಿಬ್‌ ಕೊಡಲು ಒಪ್ಪಿಗೆ ನೀಡಿತು. 2023ರಲ್ಲಿ 12 ವರ್ಷ ತುಂಬಿದವರಿಗೆ ಇದೇ ಗುಂಪಿನ ರಿಟ್ಲೆಸಿಟಿನಿಬ್, 2024ರಲ್ಲಿ ವಯಸ್ಕರಿಗೆ ಡ್ಯೂರುಕ್ಸೊಲಿಟಿನಿಬ್ ಬಂದವು. ನನಗೆ ನಿನ್ನ ವಯಸ್ಸಾಗಿದ್ದಾಗ ಇವುಗಳಲ್ಲಿ ಒಂದೂ ಇರಲಿಲ್ಲ. ಆಗ ಒಬ್ಬ ವೈದ್ಯರು ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿಸಿದರು. ಮುಖ ಊದಿಕೊಂಡಿತು, ಕೂದಲು ಬಂದಿತು, ಮಾತ್ರೆ ನಿಲ್ಲಿಸಿದೊಡನೆ ಬಂದದ್ದೆಲ್ಲ ಹೋಯಿತು.

ಇನ್ನು ಈ ಮಾತ್ರೆಯಿಂದ ಎಷ್ಟನ್ನು ನಿರೀಕ್ಷಿಸಬಹುದು ಎಂಬುದು. ನೆತ್ತಿಯಲ್ಲಿ ಎಷ್ಟು ಪಾಲು ಕೂದಲಿಲ್ಲ ಎಂಬುದನ್ನು ಸೊನ್ನೆಯಿಂದ 100ರವರೆಗೆ ಅಳೆಯುವ 'ಸಾಲ್ಟ್' ಎಂಬ ಅಂಕವಿದೆ, ವೈದ್ಯರು ನಿನ್ನ ಕಡತದಲ್ಲಿ ಅದನ್ನು ಬರೆದಿರುತ್ತಾರೆ, ಕೇಳಿ ತಿಳಿದುಕೋ. ಬ್ಯಾರಿಸಿಟಿನಿಬ್‌ನ ಎರಡು ದೊಡ್ಡ ಪ್ರಯೋಗಗಳಲ್ಲಿ ಒಟ್ಟು 1,200 ಜನರಿದ್ದರು, ಎಲ್ಲರೂ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಕೂದಲು ಕಳೆದುಕೊಂಡವರು. ದಿನಕ್ಕೆ 4 ಮಿಲಿಗ್ರಾಂ ತೆಗೆದುಕೊಂಡವರಲ್ಲಿ 36 ವಾರಗಳ ಹೊತ್ತಿಗೆ ನೂರಕ್ಕೆ 36ರಿಂದ 39 ಮಂದಿಗೆ ನೆತ್ತಿಯ ಶೇಕಡಾ 80 ಭಾಗದಷ್ಟಾದರೂ ಕೂದಲು ಇತ್ತು. ಔಷಧವಿಲ್ಲದ ಹುಸಿಮಾತ್ರೆ ನುಂಗಿದವರಲ್ಲಿ ಅಷ್ಟು ಕೂದಲು ಬಂದವರು ನೂರಕ್ಕೆ 3ರಿಂದ 6 ಮಂದಿ. ಈ ಎರಡು ಅಂಕಿಗಳ ನಡುವಿನ ಅಂತರವೇ ಔಷಧದ ನಿಜವಾದ ಬಲ, ಅದು ಸಣ್ಣದಲ್ಲ. ಆದರೆ 4 ಮಿಲಿಗ್ರಾಂ ತೆಗೆದುಕೊಂಡೂ ಆ ಗುರಿ ಮುಟ್ಟದವರು 36 ವಾರಗಳಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚಿದ್ದರೆಂಬುದನ್ನೂ ನೀನು ಅಷ್ಟೇ ಗಟ್ಟಿಯಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕೂದಲು ಪೂರ್ತಿ ಹೋದವರಿಗಿಂತ ಸ್ವಲ್ಪ ಉಳಿದವರಿಗೆ, ಬಹುಕಾಲದಿಂದ ಬೋಳಾಗಿರುವವರಿಗಿಂತ ನಾಲ್ಕು ವರ್ಷದೊಳಗಿನವರಿಗೆ ಫಲ ಹೆಚ್ಚು. ನಿನಗೆ ಶುರುವಾಗಿ ಇನ್ನೂ ಎರಡು ವರ್ಷ. ಆದ್ದರಿಂದ ತೆಗೆದುಕೊಳ್ಳುವುದಾದರೆ ಈಗ ತೆಗೆದುಕೋ, ಇನ್ನೂ ನಾಲ್ಕು ವರ್ಷ ತೈಲ, ಲೇಪ ಎಂದು ಕಾಲ ಕಳೆಯಬೇಡ. ಕೂದಲು ಕಸಿ ಮಾಡಿಸಲು ಯಾರಾದರೂ ಕರೆದರೆ ಹೋಗಲೇಬೇಡ, ಮುತ್ತಿಗೆ ನಿಲ್ಲದ ನೆತ್ತಿಯಲ್ಲಿ ನೆಟ್ಟ ಕೂದಲೂ ಉದುರೀತು.

ಔಷಧದ ಮಾಹಿತಿಪತ್ರದ ತಲೆಯಲ್ಲೇ ಚೌಕಟ್ಟು ಹಾಕಿ ಮುದ್ರಿಸಿರುವ ಎಚ್ಚರಿಕೆಯನ್ನು ನೀನು ಓದಿ ಹೆದರಿದ್ದೀಯೆಂದು ಕೇಳಿದೆ. ಗಂಭೀರ ಸೋಂಕು, ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವಿಕೆ, ಸಾವು ಎಂದು ಸಾಲಾಗಿ ಓದಿದರೆ ಯಾರ ಎದೆಯಾದರೂ ಧಸಕ್ಕೆನ್ನುತ್ತದೆ. ಈ ಎಚ್ಚರಿಕೆಗೆ ಮುಖ್ಯ ಆಧಾರ, ಸಂಧಿವಾತವಿದ್ದು 50 ದಾಟಿ ಹೃದ್ರೋಗದ ಅಪಾಯಾಂಶವೂ ಇದ್ದ ರೋಗಿಗಳಿಗೆ ಇದೇ ಗುಂಪಿನ ಟೋಫಾಸಿಟಿನಿಬ್ ಕೊಟ್ಟು ನಡೆಸಿದ ಅಧ್ಯಯನ. ಇಪ್ಪತ್ತರ ಹರೆಯದ, ಧೂಮಪಾನ ಮಾಡದ ನಿನ್ನಂಥವನ ಅಪಾಯ ಅವರಷ್ಟಿರುವುದಿಲ್ಲ, ಹಾಗೆಂದು ಸೊನ್ನೆಯೂ ಅಲ್ಲ. ಇದನ್ನು ತೂಗಬೇಕಾದವರು ನೀನು ಮತ್ತು ನಿನ್ನ ವೈದ್ಯರು, ನಾನಲ್ಲ. ಶುರುಮಾಡುವ ಮುನ್ನ ಕ್ಷಯದ ಪರೀಕ್ಷೆ, ಹೆಪಟೈಟಿಸ್ ಪರೀಕ್ಷೆ, ರಕ್ತಕಣಗಳ ಎಣಿಕೆ, ಯಕೃತ್ತಿನ ಮತ್ತು ಮೂತ್ರಪಿಂಡದ ಪರೀಕ್ಷೆ ಮಾಡಿಸುತ್ತಾರೆ, ಮುಂದೆ ಕೊಲೆಸ್ಟರಾಲನ್ನೂ ನೋಡುತ್ತಾರೆ. ಯಾವುದನ್ನೂ ತಪ್ಪಿಸಬೇಡ. ಬಾಕಿಯಿರುವ ಲಸಿಕೆಗಳನ್ನು ಮೊದಲೇ ಹಾಕಿಸಿಕೋ, ಮಾತ್ರೆ ನಡೆಯುವಾಗ ಜೀವಂತ ಲಸಿಕೆ, ಅಂದರೆ ಬಲಗುಂದಿಸಿದ ಜೀವಂತ ರೋಗಾಣುಗಳಿಂದ ಮಾಡಿದ ಲಸಿಕೆ, ಹಾಕಿಸಿಕೊಳ್ಳುವಂತಿಲ್ಲ. ಮೊಡವೆ ಬರಬಹುದು, ನೆಗಡಿ ಪದೇಪದೇ ಬರಬಹುದು, ಅವು ಸಹಿಸುವಂಥವು. ಆದರೆ ಬಿಡದ ಜ್ವರ, ಮೈಮೇಲೆ ಉರಿಯುವ ಗುಳ್ಳೆಗಳ ಸಾಲು, ಒಂದೇ ಕಾಲಿನ ಊತ, ಎದೆನೋವು, ಉಸಿರುಗಟ್ಟುವಿಕೆ ಕಂಡರೆ ಬೆಳಗಾಗಲಿ ಎಂದು ಕಾಯದೆ ಹೊರಡು. ಕೂದಲಿಗೆಂದು ನೀನಾಗಿಯೇ ನುಂಗುತ್ತಿರುವ ಬಯೋಟಿನ್ ಎಂಬ ವಿಟಮಿನ್ ಮಾತ್ರೆಯ ವಿಷಯವನ್ನೂ ವೈದ್ಯರಿಂದ ಮುಚ್ಚಿಡಬೇಡ. ಅದು ಈ ಕಾಯಿಲೆಗೆ ನಾಟುವುದಿಲ್ಲ, ಮೇಲಾಗಿ ಥೈರಾಯ್ಡ್ ಮುಂತಾದ ರಕ್ತಪರೀಕ್ಷೆಗಳ ಫಲಿತಾಂಶವನ್ನೇ ಕೆಡಿಸಬಲ್ಲದು.

ಈಗ ನನ್ನ ತಪ್ಪಿಗೆ ಬರುತ್ತೇನೆ. ನನ್ನ 45ನೆಯ ವಯಸ್ಸಿನಲ್ಲಿ ತಲೆ, ಹುಬ್ಬು, ರೆಪ್ಪೆ ಎಲ್ಲವೂ ಹೋದದ್ದನ್ನು ನೀನು ನೋಡಿದ್ದೀಯೆ. ಗಂಡಸಿಗೆ ಬೋಳುತಲೆ ಏನು ಮಹಾ ಎಂದು ಎಲ್ಲರೂ ಹೇಳಿದರು. ಹುಬ್ಬಿಲ್ಲದವನ ಬೆವರು ನೇರವಾಗಿ ಕಣ್ಣಿಗಿಳಿದು ಉರಿಯುವುದು, ರೆಪ್ಪೆಯಿಲ್ಲದ ಕಣ್ಣಿಗೆ ಗಾಳಿಯಲ್ಲಿರುವ ಕಸವೆಲ್ಲ ಬೀಳುವುದು, ಎದುರಿಗಿದ್ದವರು ನಮ್ಮ ಮುಖದಲ್ಲಿ ಏನೋ ಕಡಿಮೆಯಾಗಿದೆ ಆದರೆ ಏನೆಂದು ತಿಳಿಯದೆ ತಡವರಿಸುವುದು, ಇವು ಹೇಳುವವರಿಗೆ ಗೊತ್ತಿರಲಿಲ್ಲ. 49ರಲ್ಲಿ ಮಾತ್ರೆ ಶುರುಮಾಡಿದೆ. ಮೂರು ತಿಂಗಳು ಏನೂ ಇಲ್ಲ. ನಾಲ್ಕನೆಯ ತಿಂಗಳಿನ ಒಂದು ಬೆಳಗ್ಗೆ ತಲೆ ಒರೆಸಿಕೊಳ್ಳುವಾಗ ಟವೆಲಿನ ನೂಲು ಕಿವಿಯ ಮೇಲ್ಭಾಗದಲ್ಲಿ ಸಣ್ಣದಾಗಿ ಸಿಕ್ಕಿಕೊಂಡಂತಾಯಿತು. ಕನ್ನಡಿಯಲ್ಲಿ ಏನೂ ಕಾಣಲಿಲ್ಲ. ದೀಪಕ್ಕೆ ಓರೆಯಾಗಿ ನಿಂತು ನೋಡಿದರೆ ಹಾಲಿನ ಕೆನೆಯ ಬಣ್ಣದ, ಹತ್ತಿಯ ಎಳೆಗಿಂತ ತೆಳ್ಳಗಿನ ಐದಾರು ಕೂದಲು. ಮೊದಲು ಬರುವ ಕೂದಲು ಹೀಗೆ ಬಿಳಿಯಾಗಿರುವುದುಂಟು, ಬಣ್ಣ ಆಮೇಲೆ ಬರುತ್ತದೆ, ನಿನಗೆ ಹಾಗಾದರೆ ಗಾಬರಿಯಾಗಬೇಡ. ವರ್ಷ ತುಂಬುವ ಹೊತ್ತಿಗೆ ನಾನು ಬಾಚಣಿಗೆ ಹಿಡಿದಿದ್ದೆ.

ಆಗ, ಇನ್ನೇನು ವಾಸಿಯಾಯಿತಲ್ಲ ಎಂದುಕೊಂಡು, ವೈದ್ಯರಿಗೆ ಒಂದು ಮಾತೂ ಹೇಳದೆ ಮಾತ್ರೆ ಬಿಟ್ಟೆ. ಎರಡು ತಿಂಗಳು ಏನೂ ಆಗಲಿಲ್ಲ. ಮೂರನೆಯ ತಿಂಗಳಲ್ಲಿ ದಿಂಬಿನ ಮೇಲೆ ಕೂದಲು ಕಂಡವು, ಐದನೆಯ ತಿಂಗಳಿಗೆ ಮುಕ್ಕಾಲು ತಲೆ ಬರಿದಾಯಿತು. ಮಾತ್ರೆ ಸಂದೇಶವನ್ನು ತಡೆಯುತ್ತದೆಯೇ ಹೊರತು ರಕ್ಷಣಾ ವ್ಯವಸ್ಥೆಯ ಹಳೆಯ ಹಗೆಯನ್ನು ಮರೆಸುವುದಿಲ್ಲ ಎಂಬುದನ್ನು ನಾನು ಮೊದಲೇ ಕೇಳಿ ತಿಳಿದುಕೊಳ್ಳಬೇಕಿತ್ತು. ಪ್ರಯೋಗದಲ್ಲಿಯೂ ಕೂದಲು ಬಂದಮೇಲೆ ಔಷಧ ನಿಲ್ಲಿಸಿದವರಲ್ಲಿ ಬಹುಪಾಲು ಮಂದಿ ಮತ್ತೆ ಕಳೆದುಕೊಂಡರು. ನಾನು ಮರಳಿ ಶುರುಮಾಡಿದೆ. ಹುಬ್ಬು, ರೆಪ್ಪೆ ಬಂದವು, ನೆತ್ತಿಯ ನಡುವೆ ಇಂದಿಗೂ ಪೂರ್ತಿ ತುಂಬಿಲ್ಲ. ಆದ್ದರಿಂದ ನಿನ್ನ ಮುಂದಿರುವ ಪ್ರಶ್ನೆ 'ಈ ಮಾತ್ರೆಯನ್ನು ನುಂಗಲೇ' ಎಂಬುದಷ್ಟೇ ಅಲ್ಲ, 'ವರ್ಷಗಟ್ಟಲೆ ನುಂಗಲು, ವರ್ಷಗಟ್ಟಲೆ ರಕ್ತ ಕೊಟ್ಟು ಪರೀಕ್ಷಿಸಿಕೊಳ್ಳಲು, ಅದರ ಖರ್ಚು ಭರಿಸಲು ಸಿದ್ಧನಿದ್ದೇನೆಯೇ' ಎಂಬುದು. ಸಿದ್ಧನಿಲ್ಲವೆಂದು ತೋರಿದರೆ ಬೇಡವೆನ್ನು. ಹಾಗೆಂದರೆ ನೀನು ಸೋತೆಯೆಂದು ನಾನು ಎಂದಿಗೂ ಎಣಿಸುವುದಿಲ್ಲ.

ಒಪ್ಪುವುದಾದರೆ ವೈದ್ಯರ ಬಳಿ ಮೊದಲ ದಿನವೇ ಒಂದು ಗಡುವನ್ನು ಮಾತಾಡಿಕೋ. 36 ವಾರ ಕಳೆದು ಏನೂ ಆಗದಿದ್ದರೆ ಮುಂದೇನು, ಪ್ರಮಾಣ ಬದಲಿಸುವುದೋ, ಬೇರೆ ಔಷಧವೋ, ನಿಲ್ಲಿಸುವುದೋ ಎಂಬುದು ಆಗಲೇ ಸ್ಪಷ್ಟವಾಗಿರಲಿ. ಅಲ್ಲಿಯವರೆಗೆ ದಿನವೂ ಕನ್ನಡಿ ನೋಡಿಕೊಳ್ಳಬೇಡ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಅಷ್ಟೇ, ದಿನದಿನವೂ ನೋಡುವ ಕಣ್ಣಿಗೆ ಅದು ಕಾಣಿಸದು, ಸಂಕಟ ಮಾತ್ರ ಹೆಚ್ಚುತ್ತದೆ. ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ಮುಂದೆ, ಹಿಂದೆ, ಎರಡೂ ಪಕ್ಕ, ನೆತ್ತಿ ಹೀಗೆ ಐದು ಫೋಟೋ ತೆಗೆಸಿಕೋ, ಸಾಕು.

ಇನ್ನೊಂದು ವಿಷಯ ಬರೆಯಲೇ ಬೇಕೋ ಎಂದು ಬಹಳ ಹೊತ್ತು ಯೋಚಿಸಿದೆ. ಕೂದಲು ಬಂದ ಮೇಲೆ ಕಾಲೇಜಿನ ಪ್ರವಾಸಕ್ಕೆ ಹೋಗುತ್ತೇನೆ, ಕೂದಲು ಬಂದ ಮೇಲೆ ಈಜಲು ಸೇರುತ್ತೇನೆ ಎಂದು ನೀನು ಹೇಳುತ್ತಿರುವುದಾಗಿ ತಿಳಿಯಿತು. ನಾನೂ ಹಾಗೆಯೇ ಅಂದುಕೊಂಡು ಗೆಳೆಯರ ಮದುವೆಗಳನ್ನು, ನನ್ನ ಗುರುಗಳ ಬೀಳ್ಕೊಡುಗೆಯನ್ನು ತಪ್ಪಿಸಿಕೊಂಡೆ. ಆ ಗುರುಗಳು ಈಗಿಲ್ಲ. ಮಾತ್ರೆ ತನ್ನ ಕೆಲಸ ಮಾಡುತ್ತಿರಲಿ, ನೀನು ಈ ತಿಂಗಳೇ ಈಜಲು ಸೇರು. ಬಿಸಿಲಿಗೆ ನೆತ್ತಿ ಸುಡದಂತೆ ಸನ್‌ಸ್ಕ್ರೀನ್ ಹಚ್ಚು, ಟೋಪಿ ಹಾಕಬೇಕೆನಿಸಿದರೆ ಹಾಕು, ಬೇಡವೆನಿಸಿದರೆ ತೆಗೆ. ಯಾರಾದರೂ ಕೇಳಿದರೆ 'ಕೂದಲಿನ ಬುಡಕ್ಕೆ ಬರುವ ಕಾಯಿಲೆ, ಅಂಟುವುದಿಲ್ಲ' ಎಂದು ಒಂದೇ ವಾಕ್ಯ ಹೇಳಿ ಮಾತು ಬದಲಿಸು, ಅದಕ್ಕಿಂತ ಹೆಚ್ಚು ವಿವರಿಸುವ ಹಂಗು ನಿನಗಿಲ್ಲ. ರಾತ್ರಿ ನಿದ್ದೆ ಬಾರದಷ್ಟು, ಊಟ ಸೇರದಷ್ಟು ಮನಸ್ಸು ಕುಗ್ಗಿದರೆ ಅದನ್ನು ಕೂದಲಿನ ವೈದ್ಯರಿಗೂ ಹೇಳು, ಮನೋವೈದ್ಯರ ಬಳಿಗೂ ಹೋಗು. ಜೊತೆಗೆ ನಾನು ಬರುತ್ತೇನೆ.

ಮುಂದಿನ ಭೇಟಿಗೂ ನಾನು ಬರಲೆಂದು ನಿನಗೆ ಅನಿಸಿದರೆ ದಿನ, ಸಮಯ ತಿಳಿಸು. ಅಂದು ವೈದ್ಯರನ್ನು ಕೇಳಬೇಕಾದುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬಾ, ಎದುರಿಗೆ ಕುಳಿತಾಗ ಅರ್ಧ ಮರೆತುಹೋಗುತ್ತದೆ. ಈ ಪತ್ರದೊಂದಿಗೆ ನನ್ನ ತಲೆಯ ಐದು ಫೋಟೋಗಳನ್ನು ಇಟ್ಟಿದ್ದೇನೆ, ನಿನ್ನೆ ತೆಗೆಸಿದ್ದು, ನಡುನೆತ್ತಿಯ ಬೋಳೂ ಸೇರಿ ಎಲ್ಲವೂ ಇದ್ದ ಹಾಗೆಯೇ ಇವೆ. ಇವನ್ನು ಇದುವರೆಗೆ ವೈದ್ಯರಿಗಲ್ಲದೆ ಬೇರೆ ಯಾರಿಗೂ ತೋರಿಸಿಲ್ಲ. ನಿನ್ನ ಮೊದಲ ತಿಂಗಳಿನವನ್ನು ತೆಗೆಸಿದಾಗ ನನಗೊಂದು ಪ್ರತಿ ಕಳುಹಿಸು.

ಇಂತು ನಿನ್ನ ಹಿತವನ್ನೇ ಬಯಸುವ,
ಮಾವ