ಹಾಲ್‌ಗೆ ಒಂದೇ ಲೈಟ್ ಪಾಯಿಂಟ್ ಸಾಕಾ?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಅಪಾರ್ಟ್‌ಮೆಂಟ್ ಮನೆಯ ಅಲಂಕಾರದ ಬಗ್ಗೆ ಪೂರ್ತಿ ಒಂದು ಪುಟ ಬಂದಿತ್ತು. ಸೋಫಾ ಬಣ್ಣ, ವಾಲ್‌ಪೇಪರ್, ಫಾಲ್ಸ್ ಸೀಲಿಂಗ್, ಟಿವಿ ಯೂನಿಟ್, ಬಾಲ್ಕನಿಗೆ ಹಾಸುವ ಪ್ಲಾಸ್ಟಿಕ್ ಹುಲ್ಲು, ಎಲ್ಲಾ ಇತ್ತು. ಬೆಳಕಿನ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ನಾನು ಮೈಸೂರಿನಲ್ಲಿ ವೈರಿಂಗ್ ಕೆಲಸ ಮಾಡುವವನು. ನನ್ನ ಕಸುಬನ್ನು ಬಿಟ್ಟುಬಿಟ್ಟರಲ್ಲ ಅನ್ನುವ ಬೇಜಾರು ಸ್ವಲ್ಪ ಇದೆ, ಇಲ್ಲ ಅನ್ನಲ್ಲ. ಆದರೆ ಹೇಳಬೇಕಾದ ವಿಷಯವೂ ಇದೆ.

ತೊಟ್ಟಿ ಮನೆಯಲ್ಲಿ ಬೆಳಕು ನಡುವಿನ ತೊಟ್ಟಿಯಿಂದ ಇಳಿದು ಸುತ್ತಲಿನ ಪಡಸಾಲೆಗೆ ಹರಡುತ್ತಿತ್ತು. ಬಂದವರು ಜಗಲಿ ಮೇಲೆ ಕೂರುತ್ತಿದ್ದರು. ಫ್ಲ್ಯಾಟಿನಲ್ಲಿ ಹಾಗಲ್ಲ. ಹಾಲ್‌ನ ಒಂದು ತುದಿಗೆ ಬಾಲ್ಕನಿ, ಇನ್ನೊಂದು ತುದಿಗೆ ಬಾಗಿಲು. ಮಧ್ಯದಲ್ಲಿರುವ ಊಟದ ಟೇಬಲ್‌ಗೆ ಎಷ್ಟೋ ಮನೆಗಳಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಲೈಟ್ ಹಾಕಬೇಕು. ಮನೆಯವರು ಒಬ್ಬರ ಮುಖ ಒಬ್ಬರು ನೋಡುವುದೇ ಹೆಚ್ಚಾಗಿ ನಾವು ಎಳೆದ ವೈರಿನ ಬೆಳಕಲ್ಲಿ. ಅದು ಸರಿಯಿಲ್ಲದಿದ್ದರೆ ಎಷ್ಟು ದುಡ್ಡಿನ ಸೋಫಾ ತಂದರೂ ಮಂಕಾಗಿಯೇ ಕಾಣುತ್ತೆ.

ಬೋಗಾದಿ ಕಡೆಯ ಒಂದು ಅಪಾರ್ಟ್‌ಮೆಂಟಿನ ವಿಷಯ ಹೇಳುತ್ತೇನೆ. ಅಗ್ರಹಾರದ ಹಳೇ ಮನೆ ಬಿಟ್ಟು ಬಂದ ವಯಸ್ಸಾದ ಗಂಡ ಹೆಂಡತಿ. ಮಗಳು ಬೆಂಗಳೂರಿನಿಂದಲೇ ಯಾರೋ ಇಂಟೀರಿಯರ್‌ನವರನ್ನು ಗೊತ್ತು ಮಾಡಿ ಕೆಲಸ ಮುಗಿಸಿದ್ದರು. ಹಾಲ್‌ಗೆ ಜಿಪ್ಸಂ ಸೀಲಿಂಗ್, ಅದರ ತುಂಬಾ ಬೆಳ್ಳನೆಯ ಪ್ಯಾನೆಲ್ ಲೈಟು, ಅಂಚಿನಲ್ಲಿ ನೀಲಿ ಸ್ಟ್ರಿಪ್. ಎಲ್ಲದಕ್ಕೂ ಒಂದೇ ಸ್ವಿಚ್. ಒತ್ತಿದರೆ ಎಲ್ಲಾ ಹತ್ತುತ್ತೆ, ಇಲ್ಲದಿದ್ದರೆ ಕತ್ತಲೆ. ಎರಡು ಪ್ಯಾನೆಲ್ ಫ್ಯಾನಿನ ರೆಕ್ಕೆಗೆ ಸರಿಯಾಗಿ ಮೇಲೇ ಇದ್ದವು. ಫ್ಯಾನ್ ತಿರುಗಿದರೆ ಗೋಡೆ ಮೇಲೆಲ್ಲಾ ಪಟಪಟ ನೆರಳು. "ಏನ್ ಕಣಪ್ಪ ಇದು, ಆಸ್ಪತ್ರೆ ವಾರ್ಡ್ ಇದ್ದಂಗಿದೆ. ಬಂದೋರು ಕೂತ್ಕೊಳ್ಳೋಕೇ ಹಿಂದೆಮುಂದೆ ನೋಡ್ತಾರೆ" ಅಂದರು ಅಮ್ಮ. ಸೋಫಾ ಬದಲಾಯಿಸೋದಾ ಅಂತ ಯೋಚನೆಯಲ್ಲಿದ್ದರು.

ಸೋಫಾ ಮುಟ್ಟುವುದೇ ಬೇಡ ಅಂದೆ. ಫ್ಯಾನ್ ಮೇಲಿನ ಎರಡನ್ನು ಬಿಚ್ಚಿದೆ. ಉಳಿದದ್ದರಲ್ಲಿ ಕೂರುವ ಕಡೆಯವನ್ನು ತೆಗೆದು ಹಳದಿ ಬೆಳಕಿನ, 3000 ಕೆಲ್ವಿನ್‌ನವು ಹಾಕಿ ಬೇರೆ ಸ್ವಿಚ್‌ಗೆ ಕೊಟ್ಟೆ. ಯಜಮಾನರು ಪೇಪರ್ ಓದುವ ಬೆತ್ತದ ಕುರ್ಚಿ ಪಕ್ಕ ಒಂದು ನಿಲ್ಲುವ ದೀಪ, ಬೆಳಕು ಅವರ ಭುಜದ ಹಿಂದಿನಿಂದ ಪೇಪರ್ ಮೇಲೆ ಬೀಳುವ ಹಾಗೆ. ಕೊನೆಗೆ ಗೋಡೆ ಮೇಲಿದ್ದ ಲಕ್ಷ್ಮಿ ಪಟ. ಅತ್ತೆಯವರ ಕಾಲದ್ದಂತೆ, ಮೈಸೂರು ಶೈಲಿಯ ಚಿತ್ರ. ಬಿಳಿ ಲೈಟಿಗೆ ಎದುರಾಗಿದ್ದರಿಂದ ಬರೀ ಗಾಜೇ ಹೊಳೆಯುತ್ತಿತ್ತು. ಈ ಚಿತ್ರಗಳಲ್ಲಿ ಒಡವೆಗೆ, ಕಿರೀಟಕ್ಕೆ, ಸೀರೆ ಅಂಚಿಗೆ ಗೆಸ್ಸೊ ಅಂತ ಒಂದು ಅಂಟು ಮೆತ್ತಿ, ಒಂಚೂರು ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಕೂರಿಸಿರುತ್ತಾರೆ. ತಂಜಾವೂರು ಪಟದಷ್ಟು ದಪ್ಪ ಉಬ್ಬು ಇರಲ್ಲ. ನೇರ ಬೆಳಕಿಗೆ ಆ ಕೆಲಸ ಕಾಣೋದೇ ಇಲ್ಲ. ಪಟವನ್ನು ಪಕ್ಕಕ್ಕೆ ಜರುಗಿಸಿ, ಮೇಲಿನಿಂದ ಓರೆಯಾಗಿ ಒಂದು ಸಣ್ಣ ಸ್ಪಾಟ್ ಬಿಟ್ಟೆ. ಕತ್ತಿನ ಸರದ ಒಂದೊಂದು ಮಣಿಯೂ ಎದ್ದು ನಿಂತಿತು. "ಈ ಎರಡನೇ ಸರ ನಾನು ನೋಡೇ ಇರ್ಲಿಲ್ವಲ್ಲಪ್ಪ" ಅಂದರು ಅಮ್ಮ. ಅಷ್ಟು ವರ್ಷ ಪೂಜೆ ಮಾಡಿದ ಪಟ ಅದು.

ಜನಕ್ಕೆ ಬಿಳಿ ಬೆಳಕಿನ ಮೋಹ ಯಾಕೆ ಅಂತ ನನಗೆ ಗೊತ್ತು. ನಾವು ಚಿಕ್ಕವರಿದ್ದಾಗ ವೋಲ್ಟೇಜ್ ಇಳಿದರೆ ನಲವತ್ತರ ಬಲ್ಬು ಕೆಂಡದ ಬಣ್ಣಕ್ಕೆ ತಿರುಗುತ್ತಿತ್ತು. ಟ್ಯೂಬ್‌ಲೈಟ್ ಹಾಕಿಸಿದವರ ಮನೆ ಅಂದರೆ ಅನುಕೂಲಸ್ಥರ ಮನೆ. ಹಳದಿ ಅಂದರೆ ಬಡತನ, ಬಿಳಿ ಅಂದರೆ ಜಾಸ್ತಿ ಬೆಳಕು ಅನ್ನೋದು ಅಲ್ಲಿಂದಲೇ ತಲೆಯಲ್ಲಿ ಕೂತಿದೆ. ಈಗ ಲೆಕ್ಕ ಬೇರೆ. 9 ವ್ಯಾಟ್‌ನ ಎಲ್‌ಇಡಿ ಬಲ್ಬು ಹಳೇ 60ರ ಬಲ್ಬಿನಷ್ಟು ಬೆಳಕು ಕೊಡುತ್ತೆ, ಹಳದಿಯಾದರೂ ಬಿಳಿಯಾದರೂ ವ್ಯತ್ಯಾಸ ಸ್ವಲ್ಪವೇ. ಬೆಲೆಯೂ ಹೆಚ್ಚುಕಮ್ಮಿ ಅಷ್ಟೇ. ಬಲ್ಬಿನ ಬಾಕ್ಸ್ ಮೇಲೆ ಇಂಗ್ಲಿಷಿನ 'ಕೆ' ಅಕ್ಷರದ ಪಕ್ಕ ಒಂದು ಅಂಕಿ ಇರುತ್ತೆ, ಕೆಲ್ವಿನ್ ಅಂದರೆ ಅದೇ, ಅದನ್ನು ನೋಡಿ. 2700, 3000 ಅಂದರೆ ಹಳದಿ. 4000 ನಡುವಿನದು. 6500 ಅಂದರೆ ನಮ್ಮ ಅಂಗಡಿಯವರು ಕೇಳದೇ ಕೊಡುವ ಬೆಳ್ಳಗಿನದು. ಕೂರುವ, ಉಣ್ಣುವ, ಮಲಗುವ ಕಡೆ ಮೊದಲನೆಯದು ಹಾಕಿ. ಓದುವ ಟೇಬಲ್‌ಗೆ, ಅಡುಗೆ ಕಟ್ಟೆಗೆ 4000 ಸಾಕು. 6500 ಬೇಕೇ ಬೇಕು ಅನ್ನುವ ಜಾಗ ಮನೆಯೊಳಗೆ ನನಗಂತೂ ಕಂಡಿಲ್ಲ.

ಬಾಕ್ಸ್ ಮೇಲೆ ಸಿಆರ್‌ಐ ಅಂತಲೂ ಕೆಲವರು ಹಾಕಿರುತ್ತಾರೆ. ಬಣ್ಣ ಎಷ್ಟು ಸರಿಯಾಗಿ ಕಾಣುತ್ತೆ ಅನ್ನುವುದಕ್ಕೆ ನೂರಕ್ಕೆ ಇಷ್ಟು ಅಂತ ಕೊಡುವ ಅಂಕ. 80ಕ್ಕಿಂತ ಕಮ್ಮಿ ಬೇಡ, 90 ಸಿಕ್ಕರೆ ಬಿಡಬೇಡಿ. ರೇಷ್ಮೆ ಸೀರೆ ಕೊಳ್ಳುವಾಗ ಅಂಗಡಿ ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದು ನೋಡ್ತೀವಲ್ಲ, ಯಾಕೆ ಹೇಳಿ? ಅದೇ ಕಾರಣ. ಅಂಕ ಕಮ್ಮಿ ಇರುವ ಬಲ್ಬಿನ ಕೆಳಗೆ ಕುಂಕುಮ ಇಟ್ಟಿಗೆ ಪುಡಿ ಬಣ್ಣಕ್ಕೆ ತಿರುಗುತ್ತೆ. ಗೋಡೆಗೆ ಬಣ್ಣ ಆರಿಸುವವರೂ ಅಷ್ಟೇ, ರಾತ್ರಿ ನಿಮ್ಮ ಮನೆ ಲೈಟಿನಲ್ಲಿ ಒಂದು ತುಂಡಿಗೆ ಬಳಿದು ನೋಡಿ. ಪೇಂಟ್ ಅಂಗಡಿಯ ಕಾರ್ಡ್ ನಂಬಿಕೊಂಡು ಬಳಿಸಿ ಆಮೇಲೆ "ಇದಲ್ಲ ನಾವು ಹೇಳಿದ್ದು" ಅಂತ ಪೇಂಟರ್ ಜೊತೆ ಜಗಳಕ್ಕಿಳಿದವರನ್ನು ಬೇಕಾದಷ್ಟು ನೋಡಿದ್ದೇನೆ.

ಇಷ್ಟಕ್ಕೂ ನಾವು ಮೈಸೂರಿನವರು ಇದನ್ನೆಲ್ಲಾ ಬೇರೆಯವರಿಂದ ಕಲಿಯಬೇಕಾ? ಭಾನುವಾರ ಸಂಜೆ ಏಳಕ್ಕೆ ಅರಮನೆ ಮುಂದೆ ನಿಂತು ನೋಡಿ. ಲಕ್ಷದ ಹತ್ತಿರ ಬಲ್ಬುಗಳು, ಎಲ್ಲಾ ಸಣ್ಣವು, ಎಲ್ಲಾ ಹಳದಿ. ಕಮಾನು, ಗೋಪುರ, ಕಂಬದ ಅಂಚು ಹಿಡಿದು ಹೋಗುತ್ತವೆ. ಅದರ ಬದಲು ನಾಲ್ಕು ದೊಡ್ಡ ಬಿಳಿ ಫ್ಲಡ್‌ಲೈಟ್ ಬಿಟ್ಟಿದ್ದರೆ ಯಾರು ನಿಂತು ನೋಡುತ್ತಿದ್ದರು? 1902ರಲ್ಲೇ ಶಿವನಸಮುದ್ರದಲ್ಲಿ ಕರೆಂಟ್ ಹುಟ್ಟಿಸಿ ಕೋಲಾರದ ಚಿನ್ನದ ಗಣಿವರೆಗೂ ಕಳಿಸಿದ ಸೀಮೆ ನಮ್ಮದು. ನಮ್ಮ ಹಾಲ್‌ಗೆ ಮಾತ್ರ ಟಿವಿ ಗೋಡೆ ಮೇಲೆ ಒಂದು ಉದ್ದ ಬಿಳಿ ಬ್ಯಾಟನ್ ಲೈಟ್, ಅಲ್ಲಿಗೆ ಮುಗಿಯಿತು.

ಬಾಗಿಲ ಹೊರಗಿನ ಮಾತು. ಕಾರಿಡಾರಿನಲ್ಲಿ ಅಸೋಸಿಯೇಷನ್‌ನವರ ಸೆನ್ಸರ್ ಲೈಟ್ ಇರುತ್ತೆ, ಬಂದವರು ಬೆಲ್ ಒತ್ತಿ ನಿಂತರೆ ಅರ್ಧಕ್ಕೇ ಆರಿಹೋಗುತ್ತೆ. ಕತ್ತಲಲ್ಲಿ ಕೈ ಆಡಿಸುತ್ತಾ ನಿಂತ ನೆಂಟರಿಗೆ ಒಳಗೆ ಎಷ್ಟು ಚೆನ್ನಾಗಿದ್ದರೇನು? ನಿಮ್ಮ ಬಾಗಿಲ ಮೇಲೆ, ನಿಮ್ಮದೇ ಸ್ವಿಚ್ಚಿನಲ್ಲಿ ಒಂದು 5 ವ್ಯಾಟ್ ಹಳದಿ ಬಲ್ಬು ಹಾಕಿಸಿಕೊಳ್ಳಿ. ಹೊಸಿಲ ರಂಗೋಲಿ ಕಾಣುತ್ತೆ, ಒಳಗಿನ ಕಿಂಡಿಯಿಂದ ನೋಡಿದರೆ ಬಂದವರ ಮುಖವೂ ಕಾಣುತ್ತೆ. ಕಾರಿಡಾರ್ ಎಲ್ಲರಿಗೂ ಸೇರಿದ್ದು, ಹಾಗಾಗಿ ಅಸೋಸಿಯೇಷನ್‌ಗೆ ಒಂದು ಮಾತು ಹೇಳಿ ಮಾಡಿ. ಚಪ್ಪಲಿ ಸ್ಟ್ಯಾಂಡು, ಕುಂಡ, ಹಳೇ ಸೈಕಲ್ ಎಲ್ಲಾ ಅಲ್ಲೇ ಇಡೋದಕ್ಕೆ ಮಾತ್ರ ನನ್ನ ಬೆಂಬಲ ಇಲ್ಲ. ಬೆಂಕಿ ಬಿದ್ದರೆ ಓಡಬೇಕಾದ ದಾರಿ ಅದು.

ಅಡುಗೆ ಮನೆಯಲ್ಲಿ ಲೈಟು ಬೆನ್ನ ಹಿಂದೆ ಇರುತ್ತೆ, ಹೆಚ್ಚುವ ತರಕಾರಿ ಮೇಲೆ ನಮ್ಮದೇ ನೆರಳು. ಮೇಲಿನ ಕಪಾಟಿನ ಅಡಿಗೆ ಒಂದು ಪಟ್ಟಿ ಲೈಟ್ ಹಾಕಿಸಿದರೆ ತೀರಿತು.

ಬಾಡಿಗೆ ಮನೆಯವರು ಕೇಳುತ್ತಾರೆ, "ಓನರ್ ಒಂದು ಮೊಳೆ ಹೊಡೆಯೋಕೂ ಬಿಡಲ್ಲ, ನಾವೇನ್ ಮಾಡೋದಣ್ಣ?" ಪ್ಲಗ್ಗಿಗೆ ಹಾಕುವ ಎರಡು ದೀಪ ತೊಗೊಳ್ಳಿ. ಒಂದನ್ನು ಸೋಫಾ ಮೂಲೆಯಲ್ಲಿ ಬೆಳಕು ಗೋಡೆಗೆ ಬಡಿದು ಬರುವ ಹಾಗೆ ಇಡಿ, ಇನ್ನೊಂದನ್ನು ದಿವಾನದ ಪಕ್ಕ. ಸಂಜೆ ಮೇಲಿನ ಲೈಟ್ ಆರಿಸಿ ಇವೆರಡನ್ನೇ ಹಾಕಿ ನೋಡಿ. ಮನೆ ಬಿಡುವಾಗ ಗಂಟುಮೂಟೆ ಜೊತೆ ಅವೂ ಬರುತ್ತವೆ. ವೈರನ್ನು ಮಾತ್ರ ಜಮಖಾನದ ಅಡಿಯಲ್ಲಿ ಎಳೆಯಬೇಡಿ. ತುಳಿದು ತುಳಿದು ಒಳಗೇ ಸವೆದು ಬಿಸಿಯಾದರೆ ಹೊಗೆ ಬರುವವರೆಗೂ ಗೊತ್ತಾಗಲ್ಲ. ರಸ್ತೆ ಬದಿಯ ಅಗ್ಗದ ಸೀರಿಯಲ್ ಸೆಟ್ಟನ್ನು ಹತ್ತಿ ಪರದೆಗೆ ಸುತ್ತುವುದೂ ಬೇಡ.

ಇನ್ನು ಬಿಲ್ಡರ್‌ಗಳಿಗೆ. ಪ್ಲಾಸ್ಟರಿಂಗ್‌ಗೆ ಮುಂಚೆ ಒಂದು ಲೈಟ್ ಪಾಯಿಂಟ್‌ಗೆ ಅಂತ ವೈರಿನ ಪೈಪ್ ಜಾಸ್ತಿ ಎಳೆಯುವುದಕ್ಕೆ ಖರ್ಚು ಏನೂ ಇಲ್ಲ ಅನ್ನುವಷ್ಟು ಕಡಿಮೆ. ಮನೆ ಕೈಗೆ ಬಂದ ಮೇಲೆ ಅದೇ ಪಾಯಿಂಟ್ ಬೇಕು ಅಂದರೆ ಕಟಿಂಗ್ ಮಿಷನ್ ತರಬೇಕು, ಗೋಡೆ ಸೀಳಬೇಕು, ಪ್ಯಾಚ್ ಹಾಕಿ ಇಡೀ ಗೋಡೆಗೆ ಮತ್ತೆ ಬಣ್ಣ ಹೊಡೆಯಬೇಕು. ಆ ಧೂಳು ವಾರವಾದರೂ ಹೋಗಲ್ಲ. ಹಾಗಾಗಿ ಗೋಡೆ ಎದ್ದ ಮೇಲೆ, ಪ್ಲಾಸ್ಟರ್ ಆಗುವ ಮೊದಲು, ಬುಕ್ ಮಾಡಿದ ಮನೆಯವರನ್ನು ಒಂದು ದಿನ ಸೈಟಿಗೆ ಕರೆಯಿರಿ. ಕೈಗೆ ಸೀಮೆಸುಣ್ಣ ಕೊಡಿ. ತಾತನ ಕುರ್ಚಿ ಎಲ್ಲಿ, ದೇವರ ಮನೆ ಎಲ್ಲಿ, ಮಗು ಓದೋದೆಲ್ಲಿ, ದಸರೆಗೆ ಗೊಂಬೆ ಮೆಟ್ಟಿಲು ಯಾವ ಗೋಡೆಗೆ ಅಂತ ಅವರೇ ಗುರುತು ಹಾಕಲಿ. ಹೆಂಗಸರು ತಪ್ಪದೇ ಬರಲಿ. ಗಂಡಸರು ಟಿವಿ ಗೋಡೆ ಒಂದಕ್ಕೆ ಗುರುತು ಹಾಕಿ ಕೈ ತೊಳೆದುಕೊಂಡು ಬಿಡುತ್ತಾರೆ.

ನಿಮ್ಮ ಪುರವಣಿಯವರು ಮುಂದಿನ ಸಲ ಪ್ಲಾಸ್ಟಿಕ್ ಹುಲ್ಲಿನ ಜಾಗದಲ್ಲಿ ಬಲ್ಬಿನ ಬಾಕ್ಸಿನ ಒಂದು ಫೋಟೊ ದೊಡ್ಡದಾಗಿ ಹಾಕಲಿ. ಆ ಅಂಕಿಗಳನ್ನು ಅಂಗಡಿಯಲ್ಲಿ ಓದಬೇಕು ಅಂದರೆ ಈಗ ನನಗೂ ಕನ್ನಡಕ ಬೇಕು.

ಇಂತಿ,
ಒಬ್ಬ ವೈರ್‌ಮನ್
ಕುವೆಂಪುನಗರ, ಮೈಸೂರು