ನೆಟ್‌ವರ್ಕ್ ಚೆನ್ನಾಗಿಯೇ ಇತ್ತು

ಪ್ರೀತಿಯ ಗೆಳೆಯಾ,

ಈ ಪತ್ರವನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು. ನಾಲ್ಕು ಜನ ಓದುವಲ್ಲಿ ಹಾಕುತ್ತಿರುವುದೇಕೆಂದರೆ, ನೀನೊಬ್ಬನೇ ಓದಿದರೆ ತಕ್ಷಣ ಫೋನ್ ಮಾಡುತ್ತೀಯೆ. ಆ ಕರೆಯನ್ನು ಸ್ವೀಕರಿಸುವ ಧೈರ್ಯ ನನಗಿನ್ನೂ ಬಂದಿಲ್ಲ.

ಕಳೆದ ವಾರ ಹಳೆಯ ಲ್ಯಾಪ್‌ಟಾಪನ್ನು ಖಾಲಿ ಮಾಡುವಾಗ 2020ರ ಆನ್‌ಲೈನ್ ತರಗತಿಯೊಂದರ ರೆಕಾರ್ಡಿಂಗ್ ಸಿಕ್ಕಿತು. ಪರದೆಯ ತುಂಬ ಕಪ್ಪು ಚೌಕಗಳು, ಒಂದೊಂದರಲ್ಲೂ ಒಂದೊಂದು ಹೆಸರು. ಮೇಷ್ಟ್ರು ಪ್ರಶ್ನೆ ಕೇಳಿದರು, ಕಾದರು, ಆಮೇಲೆ "ಯಾರಾದರೂ ಇದ್ದೀರಾ?" ಎಂದರು. ಹನ್ನೊಂದು ಸೆಕೆಂಡು ಮೌನ, ಎಣಿಸಿದೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. ನಾನು ಅಲ್ಲಿಗೇ ವಿಡಿಯೊ ನಿಲ್ಲಿಸಿದೆ. ಏಕೆಂದರೆ ಅಂದು ನಾನಿದ್ದೆ, ಉತ್ತರ ಗೊತ್ತಿತ್ತು, ಮೈಕಿನ ಗುಂಡಿಯ ಮೇಲೆ ಬೆರಳೂ ಇತ್ತು.

ಇಂಥ ವಿಡಿಯೊ ಕರೆಗಳಲ್ಲಿ ಗಂಟೆಗಟ್ಟಲೆ ತನ್ನ ಮುಖವನ್ನು ತಾನೇ ನೋಡುತ್ತ ಕೂರುವುದು ದಣಿವಿಗೆ ಒಂದು ಕಾರಣವೆಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೆರೆಮಿ ಬೈಲೆನ್ಸನ್ 2021ರಲ್ಲಿ ಬರೆದರು. ಇರಬಹುದು, ಆದರೆ ನನಗೆ ಕ್ಯಾಮೆರಾ ಆರಿಸಿದ ಮೇಲೂ ದಣಿವು ಹೋಗಲಿಲ್ಲ. ಪಾಠವನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿ ಕೇಳಿ, ಅರ್ಥವಾಯಿತೆಂದು ನಂಬಿ, ಪುಸ್ತಕ ತೆರೆದಿಟ್ಟುಕೊಂಡು ಪರೀಕ್ಷೆ ಬರೆದು, ಹಿಂದೆಂದೂ ಬಾರದಷ್ಟು ಅಂಕ ಪಡೆದೆ. ಇಂದು ಅದರ ಮೊದಲ ಅಧ್ಯಾಯವನ್ನೂ ವಿವರಿಸಲಾರೆ. ತರಗತಿ ಮುಗಿದು ಹೊರಬರುವಾಗ ನೀನು "ಅದು ಹಾಗಲ್ಲವೋ" ಎಂದು ಜಗಳಕ್ಕೆ ನಿಲ್ಲುತ್ತಿದ್ದೆಯಲ್ಲ, ನನ್ನ ಕಲಿಕೆ ನಡೆಯುತ್ತಿದ್ದುದು ಅಲ್ಲಿಯೇ.

ಸಾಂಕ್ರಾಮಿಕದ ಮೊದಲ ವರ್ಷದಲ್ಲಿ ಆತಂಕ ಮತ್ತು ಖಿನ್ನತೆ ಜಗತ್ತಿನಾದ್ಯಂತ ಶೇ. 25ರಷ್ಟು ಹೆಚ್ಚಿದವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಆ ಲೆಕ್ಕದೊಳಗೆ ನಾನಿದ್ದೆನೋ ಇಲ್ಲವೋ, ಯಾರಿಗೂ ಹೇಳಿಕೊಂಡವನಲ್ಲ. ಹಾಸಿಗೆಯಿಂದಲೇ ಹಾಜರಿ ಹಾಕಿ ಮತ್ತೆ ಗೋಡೆಗೆ ಮುಖ ಮಾಡುತ್ತಿದ್ದೆ. ಸಂಜೆ ನಿನ್ನ ಹೆಸರು ಫೋನಿನಲ್ಲಿ ಮೂಡಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಕರೆ ತಾನಾಗಿ ನಿಲ್ಲುವವರೆಗೆ ಕಾದು, "ನೆಟ್‌ವರ್ಕ್ ಇಲ್ಲ ಕಣೋ" ಎಂದು ಸಂದೇಶ ಕಳಿಸುತ್ತಿದ್ದೆ. ಆ ಸಂದೇಶ ತಲುಪುವುದಕ್ಕೂ ನೆಟ್‌ವರ್ಕ್ ಬೇಕೆಂಬುದು ನಿನಗೆ ಹೊಳೆಯದೆ ಇರಲಿಲ್ಲ. ಆದರೂ ನೀನು ಒಮ್ಮೆಯೂ ಕೇಳಲಿಲ್ಲ, ಕೇಳಿದ್ದರೆ ಅತ್ತುಬಿಡುತ್ತಿದ್ದೆನೇನೋ.

ಇಷ್ಟೆಲ್ಲ ಬರೆಯಲು ಹೊರಟಿರಲಿಲ್ಲ. ನಿನ್ನೆ ಆ ವಿಡಿಯೊವನ್ನು ಮತ್ತೆ ತೆರೆದು, ಖಾಲಿ ಕೋಣೆಯಲ್ಲಿ ಉತ್ತರವನ್ನು ಗಟ್ಟಿಯಾಗಿ ಹೇಳಿಯೂ ಬಿಟ್ಟೆ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಹೇಳಿದ ಉತ್ತರ ಬೇರೆಯೇ ಆಗಿತ್ತು.

ನಿನ್ನ,
ಮೂರನೇ ಬೆಂಚಿನ ನ್ಯಾಯಾಧೀಶ