ಮನೆಯ ಹಳೆಯ ಛಾಯಾಚಿತ್ರಗಳ ಕುರಿತು ಪೋಷಕರಿಗೆ ಪತ್ರ

ಹಾಸನ

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ಈ ಬಾರಿಯ ಕನ್ನಡ ರಾಜ್ಯೋತ್ಸವದಂದು ನಮ್ಮ ಶಾಲೆಯಲ್ಲಿ ಹಾಸನದ ಹಳೆಯ ಛಾಯಾಚಿತ್ರಗಳ ಪ್ರದರ್ಶನವನ್ನು ಏರ್ಪಡಿಸಲಿದ್ದೇವೆ. ತಮ್ಮ ಮನೆಯ ಟ್ರಂಕಿನಲ್ಲೋ ಗೋಡೆಯ ಮೇಲೋ ಇರುವ ಅಂಥ ಚಿತ್ರಗಳನ್ನು ಕೆಲವು ಗಂಟೆಗಳ ಮಟ್ಟಿಗೆ ಶಾಲೆಗೆ ಕೊಡಬೇಕೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಈಚೆಗೆ ಅಂಗೈಯಗಲದ ಕಪ್ಪುಬಿಳುಪು ಚಿತ್ರವೊಂದನ್ನು ತಂದು ತೋರಿಸಿದಳು. ಹಾಸನಾಂಬ ದೇವಸ್ಥಾನದ ಮುಂದೆ ಐವರು ಹೆಂಗಸರು ನಿಂತಿದ್ದಾರೆ. ಒಬ್ಬರ ಕೈಯಲ್ಲಿ ಹಣ್ಣುಕಾಯಿಯ ತಟ್ಟೆಯಿದೆ, ಇನ್ನೊಬ್ಬರ ಸೆರಗು ಹಿಡಿದ ಮಗು ಕದಲಿದ್ದರಿಂದ ಅದರ ಮುಖ ಮಸುಕಾಗಿದೆ. ಆಶ್ವಯುಜದಲ್ಲಿ ಬಾಗಿಲು ತೆರೆದು ಬಲಿಪಾಡ್ಯಮಿ ಕಳೆದೊಡನೆ ಮತ್ತೆ ಒಂದು ವರ್ಷ ಮುಚ್ಚುವ ಗುಡಿ ಅದಾದ್ದರಿಂದ, ಹಣ್ಣುಕಾಯಿ ನೋಡಿ ತಿಂಗಳನ್ನು ಊಹಿಸಿದೆವು. ಹಿಂದೆ ನಿಂತ ಕಾರಿನ ನಂಬರು ‘ಎಂ.ವೈ.’ ಎಂದು ಶುರುವಾಗುತ್ತದೆ. ಅಂಗಡಿಯ ಫಲಕದಲ್ಲಿ ‘ಮೈಸೂರು ರಾಜ್ಯ’ ಎಂದಿದೆ. 1973ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದನ್ನು ಪಾಠದಲ್ಲಿ ಓದಿದ್ದ ಮಕ್ಕಳು, ಚಿತ್ರ ಅದಕ್ಕೂ ಹಿಂದಿನದಿರಬೇಕೆಂದು ತಾವಾಗಿಯೇ ಹೇಳಿದರು. ಆದರೆ ಆ ಐವರು ಯಾರು? ಹುಡುಗಿಯ ಅಜ್ಜಿ ಮೂವರನ್ನು ಹೆಸರು ಹಿಡಿದು ಗುರುತಿಸಿದರು. ಉಳಿದಿಬ್ಬರನ್ನು ಬಲ್ಲವರು ಈಗ ಆ ಮನೆಯಲ್ಲಿ ಯಾರೂ ಇಲ್ಲ.

ಆದ್ದರಿಂದ ಚಿತ್ರ ಕಳುಹಿಸುವ ಮೊದಲು ಮಕ್ಕಳು ಮನೆಯ ಹಿರಿಯರ ಪಕ್ಕದಲ್ಲಿ ಕುಳಿತು, ಯಾರು, ಎಲ್ಲಿ, ಯಾವ ಸಂದರ್ಭ ಎಂಬುದನ್ನು ಕೇಳಿ ಬೇರೆ ಹಾಳೆಯಲ್ಲಿ ಬರೆದುಕೊಳ್ಳುವಂತೆ ದಯವಿಟ್ಟು ನೋಡಿಕೊಳ್ಳಿ. ಚಿತ್ರಕ್ಕಿಂತಲೂ ನನಗೆ ಈ ಹಾಳೆಯೇ ಮುಖ್ಯ.

ಮಹಾರಾಜ ಪಾರ್ಕು, ಬಿ.ಎಂ. ರಸ್ತೆ, ಮೀಟರ್ ಗೇಜ್ ಕಾಲದ ರೈಲು ನಿಲ್ದಾಣ, ಮದುವೆಯ ದಿಬ್ಬಣ, ಅಂಗಡಿ ಪೂಜೆ, ಶಾಲೆಯ ಗುಂಪು ಚಿತ್ರ, ಯಾವುದಾದರೂ ಸರಿ. ಕಟ್ಟಿನಕೆರೆ ಮಾರುಕಟ್ಟೆಗೆ ದಿನವೂ ಹೋಗಿಬರುವ ಎಷ್ಟೋ ಮಕ್ಕಳಿಗೆ ಆ ಹೆಸರಿನಲ್ಲಿ ಕೆರೆಯಿದೆ ಎಂಬುದೇ ಹೊಳೆದಿರಲಿಲ್ಲ.

ಗೊರೂರಿನ ಹೇಮಾವತಿ ಜಲಾಶಯದಲ್ಲಿ ಊರು ಮುಳುಗಿ ಬೇರೆಡೆ ನೆಲೆಸಿದ ಕುಟುಂಬಗಳಿಗೆ ನನ್ನದೊಂದು ವಿಶೇಷ ವಿನಂತಿ. 1979ರಲ್ಲಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಶೆಟ್ಟಿಹಳ್ಳಿಯ ಚರ್ಚಿನ ಗೋಡೆಗಳಾದರೂ ಬೇಸಿಗೆಯಲ್ಲಿ ನೀರಿಳಿದಾಗ ಕಾಣುತ್ತವೆ, ನೋಡಲು ಜನ ದೂರದಿಂದ ಬರುತ್ತಾರೆ. ತಮ್ಮ ಹಿರಿಯರ ಮನೆಯ ಜಗಲಿ, ಕಣ, ಊರಬಾಗಿಲುಗಳನ್ನು ನೋಡಲು ಚಿತ್ರ ಬಿಟ್ಟು ಬೇರೆ ದಾರಿಯಿಲ್ಲ. ಮದುವೆಯ ಚಿತ್ರದ ಹಿನ್ನೆಲೆಯಲ್ಲಿ ಜಗಲಿಯ ಒಂದು ಕಂಬ ಮಾತ್ರ ಕಾಣುತ್ತಿದ್ದರೂ ಅದನ್ನು ಕೊಡಲು ಹಿಂಜರಿಯಬೇಡಿ.

ಚಿತ್ರಗಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಹಿಂಬದಿಯಲ್ಲಿ ಬಾಲ್ ಪೆನ್ನಿನಿಂದ ಬರೆಯಬೇಡಿ. ನಮ್ಮ ಮಳೆಗಾಲದ ಥಂಡಿಗೆ ಎಷ್ಟೋ ಚಿತ್ರಗಳು ಚೌಕಟ್ಟಿನ ಗಾಜಿಗೆ ಅಂಟಿಕೊಂಡಿರುತ್ತವೆ. ಅವನ್ನು ಬಿಡಿಸಲು ಹೋಗದೆ ಚೌಕಟ್ಟಿನ ಸಮೇತ ತನ್ನಿ. ಶಾಲೆಯ ಹಳೆಯ ಗುಂಪು ಚಿತ್ರವೊಂದನ್ನು ಹೀಗೆ ಬಿಡಿಸಲು ಹೋಗಿ, ಮುಂದಿನ ಸಾಲಿನಲ್ಲಿ ಕುಳಿತಿದ್ದ ಮಕ್ಕಳ ಮುಖಗಳು ಗಾಜಿನ ಮೇಲೆಯೇ ಉಳಿದುಬಿಟ್ಟವು. ಹಾಗೆ ಮಾಡಿದವಳು ನಾನೇ, ಆ ನೋವು ಇನ್ನೂ ಹೋಗಿಲ್ಲ.

ಅಕ್ಟೋಬರ್ ತಿಂಗಳ ಶನಿವಾರಗಳಂದು ಬೆಳಗಿನ ತರಗತಿ ಮುಗಿದ ಮೇಲೆ ತಾವೇ ಬಂದು, ತಮ್ಮೆದುರಿನಲ್ಲೇ ಸ್ಕ್ಯಾನ್ ಮಾಡಿಸಿ, ಮೂಲ ಚಿತ್ರವನ್ನು ಕೂಡಲೇ ಹಿಂದಕ್ಕೆ ಒಯ್ಯಬಹುದು. ಪ್ರದರ್ಶಿಸಬಾರದೆಂದು ತಾವು ಹೇಳಿದ ಚಿತ್ರವನ್ನು ಯಾರಿಗೂ ತೋರಿಸುವುದಿಲ್ಲ. ನಡೆಯಲು ಕಷ್ಟವಾಗುವ ಹಿರಿಯರಿದ್ದಲ್ಲಿ ಮಗುವಿನ ದಿನಚರಿ ಪುಸ್ತಕದಲ್ಲಿ ಒಂದು ಸಾಲು ಬರೆದು ಕಳುಹಿಸಿ. ನಾವೇ ಮನೆಗೆ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ